ನೂಲುಪೇಟೆಯ ಮಾರ್ಕಿಂಗ್

ಪಿಳ್ಳಣ್ಣ ಹುಟ್ಟಿ ಬೆಳೆದದ್ದು ಹಿಟ್ಟಿನ ಮಿಷನ್ನಿನ ಹಿಂದಿನ ಕೋಣೆಯಲ್ಲಿ. ಬೆಲ್ಟು ತಿರುಗುವ ಸದ್ದನ್ನು ಮೀರಿ ಮಾತು ಕೇಳಿಸಬೇಕಾದರೆ ಕಿರುಚಲೇಬೇಕು. ಅವನಪ್ಪ ಕಿರುಚುತ್ತಿದ್ದ, ಅವ್ವ ಕಿರುಚುತ್ತಿದ್ದಳು, ಇವನಿಗೂ ಅದೇ ಗಂಟಲು ಬಂತು. ಹೆಣ್ಣು ನೋಡಲು ಹೋದ ಎರಡು ಕಡೆಯೂ ಹುಡುಗಿಯ ಮನೆಯವರು 'ಗಂಡು ಸಿಡುಕ' ಎಂದು ತಿಳಿದು ಕಾಫಿ ಕೊಟ್ಟು ಕಳಿಸಿಬಿಟ್ಟರು. ಮೂರನೆಯ ಕಡೆಗೆ ಅವನೇ ಹೋಗಲಿಲ್ಲ. ಸಿಡುಕು ಎಲ್ಲಿಂದ ಬರಬೇಕು? ಜನ ಕಂಡರೆ ಬೆಲ್ಲ ಕಂಡ ಇರುವೆಯ ಹಾಗೆ ಹತ್ತಿರ ಓಡುವ ಜೀವ ಅದು.

ಜನರೇ ಅವನ ಬಳಿ ಬರುತ್ತಿದ್ದ ಕಾಲವೂ ಒಂದಿತ್ತು. ರಾಗಿ ಬೀಸಿಸಲು ಬಂದವರು ಸರದಿ ಬರುವವರೆಗೆ ಎಲ್ಲಿಗೆ ಹೋದಾರು? ಜಗಲಿಯ ಮೇಲೆ ಕೂರಲೇಬೇಕು. ಪಕ್ಕಪಕ್ಕ ಕೂತ ಮೇಲೆ ಮಾತು ತಾನಾಗಿ ಹುಟ್ಟುತ್ತದೆ. ಯಾರ ಮಗ್ಗ ನಿಂತಿತು, ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಮನೆಯ ಭಾಗ ಕೋರ್ಟಿಗೆ ಹೋಯಿತು, ಎಲ್ಲವೂ ಅಲ್ಲೇ ಬೀಸಿ ನುಣ್ಣಗಾಗುತ್ತಿತ್ತು. ಶುಕ್ರವಾರ ಸೀಗೆಕಾಯಿ ಬೀಸುವ ದಿನ. ಅವತ್ತು ಸೀನದೆ ಆ ಬೀದಿ ದಾಟಿದವರಿಲ್ಲ. ಪಿಳ್ಳಣ್ಣ ಹುಬ್ಬು ಮೀಸೆಯೆಲ್ಲ ಬೆಳ್ಳಗೆ ಮಾಡಿಕೊಂಡು ನಡುನಡುವೆ ಹೊರಗೆ ಬಂದು ಒಂದು ಮಾತು ಕಿರುಚಿ, ನಕ್ಕು, ಮತ್ತೆ ಒಳಗೆ ಹೋಗುತ್ತಿದ್ದ. ಹೆಂಡತಿ ಮಕ್ಕಳು ಇಲ್ಲದ ಕೊರತೆ ಆ ಜಗಲಿಯಿಂದ ತುಂಬಿಹೋಗಿತ್ತು.

ನೂಲುಪೇಟೆ ಎಂಬುದು ದೊಡ್ಡಬಳ್ಳಾಪುರದ ಹಳೆಯ ಬೀದಿ. ಎರಡು ಎತ್ತಿನ ಗಾಡಿ ಎದುರುಬದುರು ಬಂದರೆ ಒಂದು ಹಿಂದಕ್ಕೆ ಹೋಗಬೇಕು, ಅಷ್ಟು ಕಿರಿದು. ಎರಡು ಕಡೆಯೂ ನಾಡಹೆಂಚಿನ ಮನೆಗಳು. ಪ್ರತಿ ಮನೆಯ ಮುಂದೆ ಜಗಲಿ, ಜಗಲಿಗೆ ಕೆತ್ತನೆಯ ಮರದ ಕಂಬ. ನೂಲಿನ ವ್ಯಾಪಾರ ಮಾಡಿ ಕೈತುಂಬ ಕಾಸು ಕಂಡವರು ತಮ್ಮ ಹೆಚ್ಚುಗಾರಿಕೆಯನ್ನು ಕಂಬದಲ್ಲಿ ತೋರಿಸುತ್ತಿದ್ದರು. ಒಬ್ಬ ಕಮಲ ಕೆತ್ತಿಸಿದರೆ ಪಕ್ಕದವನು ಕಮಲದ ಮೇಲೆ ಗಿಳಿ ಕೂರಿಸುತ್ತಿದ್ದ. ಈಗ ವ್ಯಾಪಾರವೆಲ್ಲ ಮೇನ್ ರೋಡಿಗೆ ಹೋಯಿತು. ಮನೆಯವರು ಹೊಸ ಲೇಔಟುಗಳಿಗೆ ಹೋದರು. ರಾಗಿ ಹಿಟ್ಟು ಪ್ಯಾಕೆಟ್ಟಿಗೆ ಹೋಯಿತು. ಬೀದಿಯ ತುಂಬ ಬೀಗ. ಬಸ್‌ಸ್ಟ್ಯಾಂಡಿಗೆ ಅಡ್ಡದಾರಿ ಹುಡುಕುವವರು ಹೆಲ್ಮೆಟ್ಟಿನೊಳಗೆ ಮುಖ ಇಟ್ಟುಕೊಂಡು ಬುರ್ರೆಂದು ಹೋಗುತ್ತಾರೆ. ಅವರನ್ನು ಮಾತಾಡಿಸುವುದಾದರೂ ಹೇಗೆ?

ಬೀಗ ಬೀಳದ ಬಾಗಿಲು ಎರಡೇ ಉಳಿದವು. ಒಂದು ಪಿಳ್ಳಣ್ಣನ ಮಿಷನ್ನು. ಇನ್ನೊಂದು ಎದುರಿನ ಆದಿನಾರಾಯಣಪ್ಪನದು. ಆದಿ ಲಾಳಿ, ಬಾಬಿನು, ಮಗ್ಗದ ಬಿಡಿ ಸಾಮಾನು ಮಾರುತ್ತಿದ್ದವನು. ಹೆಂಡತಿ ಹೋದ ಮೇಲೆ ಅಂಗಡಿಯಲ್ಲೇ ಊಟ, ಅಲ್ಲೇ ನಿದ್ದೆ. ಇಬ್ಬರೂ ಒಂದೇ ಸ್ಲೇಟಿನಲ್ಲಿ ಅ ಆ ಬರೆದವರು. ಬೆಳಿಗ್ಗೆ ಬಾಗಿಲು ತೆಗೆದಾಗ ಎದುರಿನ ಬಾಗಿಲು ತೆಗೆದಿದೆಯೋ ಇಲ್ಲವೋ ಎಂದು ನೋಡಿ ಆಮೇಲೆ ಮುಖ ತೊಳೆಯುವುದು ಪಿಳ್ಳಣ್ಣನ ಪದ್ಧತಿಯಾಗಿಬಿಟ್ಟಿತ್ತು.

ಆ ಆದಿಯೇ ಒಂದು ದಿನ ಬೀಡಿ ಹಚ್ಚುತ್ತಾ, "ಕವಿತ ಕರೀತವ್ಳೆ ಕಣೋ. ಬಾಶೆಟ್ಟಿಹಳ್ಳಿ ಹತ್ರ ಮನೆ ಮಾಡವ್ರೆ. ಗಂಡ ಹೆಂಡ್ತಿ ಇಬ್ರಿಗೂ ಫ್ಯಾಕ್ಟ್ರಿ ಶಿಫ್ಟು, ಮಗೀನ ನೋಡ್ಕೊಳ್ಳೋರಿಲ್ಲ. ಇಲ್ಲೇನಿದೆ ಹೇಳು, ಹೋಗ್ಬಿಡಾಣ ಅನ್ಸುತ್ತೆ" ಎಂದ. ಕವಿತ ಅವನ ಒಬ್ಬಳೇ ಮಗಳು.

ಪಿಳ್ಳಣ್ಣ ಬಾಯಲ್ಲಿ ಮಾತ್ರ, "ಹೋದ್ರೆ ಹೋಗು, ಯಾರ್ ಬೇಡ ಅಂದ್ರು" ಎಂದುಬಿಟ್ಟ. ಆ ರಾತ್ರಿ ಎರಡು ಸಲ ಎದ್ದು ಬಂದು ಎದುರಿನ ಬಾಗಿಲು ನೋಡಿದ. ಎದುರಿನ ಬಾಗಿಲೂ ಮುಚ್ಚಿದರೆ ಬೀದಿಯಲ್ಲಿ ತಾನೊಬ್ಬನೇ. ಬೆಳಿಗ್ಗೆ ಎದ್ದು ಯಾರ ಮುಖ ನೋಡುವುದು? ಆದಿಯನ್ನು ಉಳಿಸಿಕೊಳ್ಳಬೇಕಾದರೆ ಬೀದಿಗೆ ಜೀವ ಬರಬೇಕು ಎಂದು ಅವನ ತಲೆಗೆ ಹೊಕ್ಕಿತು. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಅನ್ನುತ್ತಾರಲ್ಲ, ಹಾಗೆ.

ದಾರಿ ತೋರಿಸಿದವಳು ಅರ್ಪಿತ ಎಂಬ ಹುಡುಗಿ. ಕಟ್ಟಡ ಕಟ್ಟುವ ವಿದ್ಯೆ ಓದುತ್ತಿದ್ದವಳು ಬೆಂಗಳೂರಿನಿಂದ ಕಂಬಗಳ ಅಳತೆ ತೆಗೆಯಲು ಬಂದಿದ್ದಳು. ಬಹಳ ವರ್ಷದ ಮೇಲೆ ಒಬ್ಬರು ತನ್ನ ಜಗಲಿಯ ಮೇಲೆ ಕೂತರಲ್ಲ ಎಂದು ಪಿಳ್ಳಣ್ಣ ಕಾಫಿಯ ಮೇಲೆ ಕಾಫಿ ತರಿಸಿದ. ಆಕೆ ಹೇಳಿದಳು: "ಅಂಕಲ್, ಇಂಥ ಬೀದೀನ ಪಾರಂಪರಿಕ ಪ್ರದೇಶ ಅಂತ ಘೋಷಣೆ ಮಾಡ್ಸಬಹುದು. ಆಗ ಸರ್ಕಾರ ರಿಪೇರಿಗೆ ದುಡ್ಡು ಕೊಡುತ್ತೆ, ದೀಪ ಹಾಕುತ್ತೆ, ನೆಲಕ್ಕೆ ಕಲ್ಲು ಹಾಸುತ್ತೆ. ಭಾನುವಾರ ನೋಡೋಕೆ ಜನ ಬರ್ತಾರೆ. ಅಂಗಡಿಗಳು ತೆರೀತವೆ."

"ಜನ ಬರ್ತಾರಾ?" ಎಂದ ಪಿಳ್ಳಣ್ಣ. ಮಿಕ್ಕದ್ದು ಅವನಿಗೆ ಕೇಳಿಸಿರಲಿಕ್ಕಿಲ್ಲ.

ಅಂದಿನಿಂದ ಅವನ ಕಾಲಿಗೆ ಚಕ್ರ ಬಂತು. ಅರ್ಪಿತ ಬರೆದುಕೊಟ್ಟ ಅರ್ಜಿ ಹಿಡಿದು ಈ ಕಚೇರಿ, ಆ ಕಚೇರಿ. ಹೋದಲ್ಲೆಲ್ಲ ಗಂಟಲೇ ಅಡ್ಡ ಬರುತ್ತಿತ್ತು. "ಯಾಕ್ರೀ ಜಗಳಕ್ಕೆ ಬಂದೋರ್ ಥರ ಕಿರುಚ್ತೀರಾ?" ಎಂದು ಒಬ್ಬರು ಹೊರಗೆ ನಿಲ್ಲಿಸಿದರು. "ಪಾರಂಪರಿಕ ಅಂದ್ರೆ ಪಿತ್ರಾರ್ಜಿತ ತಾನೆ? ಖಾತೆ ಬದಲಾವಣೆ ಪಕ್ಕದ ಕೋಣೆ, ಹೋಗಿ" ಎಂದು ಇನ್ನೊಬ್ಬರು ಕಳಿಸಿದರು. ಪಕ್ಕದ ಕೋಣೆಯಲ್ಲಿ ಅರ್ಧ ದಿನ ಕೂತ ಮೇಲೆ ಅದು ಬೇರೆ, ಇದು ಬೇರೆ ಎಂದು ಗೊತ್ತಾಯಿತು. ಸಂಜೆ ವಾಪಸು ಬಂದು ಎಲ್ಲವನ್ನೂ ಆದಿಗೆ ಒಪ್ಪಿಸುತ್ತಿದ್ದ. ಆದಿ ಬೀಡಿ ಎಳೆಯುತ್ತಾ ಕೇಳುತ್ತಿದ್ದ. "ದೀಪ ಬರುತ್ತೆ ಕಣೋ! ನಿನ್ ಅಂಗ್ಡೀಲಿ ಪುಟ್ಪುಟ್ಟ ಲಾಳಿ ಮಾಡಿ ಇಟ್ರೆ ಬೆಂಗ್ಳೂರೋರು ಮನೇಲಿ ಅಂದಕ್ಕೆ ಇಟ್ಕೊಳ್ಳೋಕೆ ಎತ್ಕೊಂಡು ಹೋಗ್ತಾರೆ!" ಎಂದು ಪಿಳ್ಳಣ್ಣ ಹೇಳಿದರೆ, "ನೋಡಾಣ" ಎನ್ನುವುದು ಅವನ ಉತ್ತರ. ಆ ಒಂದು 'ನೋಡಾಣ' ಪಿಳ್ಳಣ್ಣನನ್ನು ಮಾರನೆಯ ದಿನ ಮತ್ತೆ ಬಸ್ಸು ಹತ್ತಿಸುತ್ತಿತ್ತು.

ಬೀದಿಯ ಮನೆಗಳ ಒಡೆಯರು ಒಪ್ಪಬೇಕಿತ್ತಲ್ಲ, ಅವರಿಗೆಲ್ಲ ಫೋನು ಮಾಡಿದ. ಒಬ್ಬರು ನೆಲಮಂಗಲದಲ್ಲಿ, ಒಬ್ಬರು ಯಲಹಂಕದಲ್ಲಿ, ಒಬ್ಬರು ಸೋಂಪುರದ ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ. ಅವನ ಕಿರುಚಾಟಕ್ಕೆ ಫೋನನ್ನು ಕಿವಿಯಿಂದ ಮೊಳ ದೂರ ಹಿಡಿದವರೇ ಎಲ್ಲ. "ಆಯ್ತು ಪಿಳ್ಳಣ್ಣ, ಮಾಡು ಮಾಡು" ಎಂದು ಇಟ್ಟುಬಿಟ್ಟರು. ಯಾವುದಕ್ಕೆ ಮಾಡು ಎಂದೆವು ಎಂದು ಅವರಲ್ಲಿ ಒಬ್ಬರಿಗಾದರೂ ಗೊತ್ತಿತ್ತೆ? ನನಗೆ ಅನುಮಾನ.

ಎರಡು ವರ್ಷದ ಅಲೆದಾಟದ ಮೇಲೆ, ಮುಂದಿನ ತಿಂಗಳು ಬೀದಿಯನ್ನು ಪರಿಶೀಲಿಸಲು ಸರ್ಕಾರದ ಸಮಿತಿಯವರು ಬರುತ್ತಾರೆ ಎಂದು ತಿಳಿಯಿತು. ಅರ್ಪಿತ ಅಷ್ಟರಲ್ಲಿ ಕೆಲಸ ಸಿಕ್ಕಿ ದೂರ ಹೋಗಿದ್ದಳು. ಫೋನಿನಲ್ಲಿ, "ಅಂಕಲ್, ಬಂದವರಿಗೆ ಗೊಂದಲ ಆಗಬಾರದು, ಪ್ರತಿ ಮನೆಗೂ ಸೀಮೆಸುಣ್ಣದಲ್ಲಿ ಒಂದು ನಂಬರ್ ಬರೆದಿಡಿ" ಎಂದಳು. ಸೀಮೆಸುಣ್ಣ ಒಂದು ಹನಿ ಮಳೆಗೆ ನಿಲ್ಲುತ್ತದೆಯೆ? ಮಿಷನ್ನಿನ ಪೀಠಕ್ಕೆ ಬಳಿದು ಉಳಿದ ಕೆಂಪು ಬಣ್ಣ ಮನೆಯಲ್ಲೇ ಇತ್ತು. ಪಿಳ್ಳಣ್ಣ ಕುಂಚ ಹಿಡಿದ, ಆದಿ ಡಬ್ಬ ಹಿಡಿದ. ಇಬ್ಬರೂ ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಪ್ರತಿ ಮನೆಯ ಗೋಡೆಗೂ ಕೆಂಪಗೆ, ದಪ್ಪಗೆ ನಂಬರು ಬರೆದರು. ಎರಡು ವರ್ಷದಲ್ಲಿ ಪಿಳ್ಳಣ್ಣನಿಗೆ ಅಷ್ಟು ಸುಖದ ದಿನ ಇನ್ನೊಂದು ಬಂದಿರಲಿಲ್ಲ.

ಆ ಸಂತೋಷ ಹೊಟ್ಟೆಯಲ್ಲಿ ನಿಲ್ಲದೆ ಸಂಜೆಯೇ ಒಡೆಯರಿಗೆಲ್ಲ ಫೋನು ಮಾಡಿದ. "ಅಣ್ಣ! ನಮ್ ಬೀದಿಗೆ ಮಾರ್ಕಿಂಗ್ ಆಯ್ತು! ನಿಮ್ಮನೆಗೂ ಮಾರ್ಕಿಂಗ್ ಆಗೈತೆ! ಮುಂದಿನ್ ತಿಂಗ್ಳು ಸರ್ಕಾರದೋರು ಬರ್ತವ್ರೆ!"

ಅಯ್ಯೋ ಪುಣ್ಯಾತ್ಮ. ಬೇರೆ ಯಾವ ಮಾತೂ ಸಿಗಲಿಲ್ಲವೆ ನಿನಗೆ? ನಮ್ಮ ಕಡೆ ಮಾರ್ಕಿಂಗ್ ಎಂದರೆ ಏನೆಂದು ಹಾಲು ಕುಡಿಯುವ ಮಗುವಿಗೂ ಗೊತ್ತು. ರಸ್ತೆ ಅಗಲ ಮಾಡುವವರು ಬಂದು ಮನೆಯ ಗೋಡೆಗೆ ಕೆಂಪು ಬಣ್ಣದಲ್ಲಿ ಗೆರೆ ಎಳೆದು ಹೋಗುತ್ತಾರೆ. ಆ ಗೆರೆಯಿಂದ ರಸ್ತೆಯ ಕಡೆಗಿರುವುದೆಲ್ಲ ಕೆಡವುವುದಕ್ಕೆ, ಇನ್ನು ನಿಮ್ಮದಲ್ಲ. ಹೆದ್ದಾರಿಗೆ ಮಾರ್ಕಿಂಗ್, ರಿಂಗ್ ರೋಡಿಗೆ ಮಾರ್ಕಿಂಗ್, ಹತ್ತಿರದ ಪೇಟೆಗಳ ರಸ್ತೆಗೆ ಮಾರ್ಕಿಂಗ್. ಆ ಪದ ಕೇಳಿ ಅನ್ನ ಬಿಟ್ಟವರಿದ್ದಾರೆ, ದಾಯಾದಿಗಳ ಜೊತೆ ರಾಜಿಯಾದವರಿದ್ದಾರೆ. ಪಿಳ್ಳಣ್ಣನಿಗೂ ಗೊತ್ತಿತ್ತು. ಗುರುತು ಹಾಕಿದ್ದಕ್ಕೆ ಮಾರ್ಕಿಂಗ್ ಎನ್ನದೆ ಏನನ್ನಬೇಕು ಎಂದು ಆ ಹೊತ್ತಿನಲ್ಲಿ ಹೊಳೆಯಲಿಲ್ಲ, ಅಷ್ಟೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಬಸ್‌ಸ್ಟ್ಯಾಂಡಿಗೆ ಅಡ್ಡದಾರಿ ಹಿಡಿದ ಯಾವನೋ ಕೆಂಪು ನಂಬರಿನ ಫೋಟೋ ಬೇರೆ ತೆಗೆದು ವಾಟ್ಸಾಪಿಗೆ ಬಿಟ್ಟ. ಇನ್ನೇನು ಬೇಕು?

ಆ ಭಾನುವಾರ ಪಿಳ್ಳಣ್ಣ ಎದ್ದು ಬಾಗಿಲು ತೆಗೆದರೆ ಬೀದಿಯಲ್ಲಿ ಜನ! ಕಾರು, ಬೈಕು, ಟೆಂಪೋ. ಬೀಗ ತೆಗೆಯುವ ಸದ್ದು. ಹೆಂಗಸರು ಜೇಡರ ಬಲೆ ಕೊಡವುತ್ತಿದ್ದಾರೆ, ಮಕ್ಕಳು ಜಗಲಿಯಿಂದ ಜಗಲಿಗೆ ಹಾರುತ್ತಿದ್ದಾರೆ. ಅವನಿಗೆ ಕಣ್ಣಲ್ಲಿ ನೀರೇ ಬಂತು. ಸಮಿತಿ ಬರುತ್ತದೆಂದು ಎಲ್ಲರೂ ತಮ್ಮ ತಮ್ಮ ಮನೆ ಚೊಕ್ಕಟ ಮಾಡಲು ಬಂದಿದ್ದಾರೆ ಎಂದುಕೊಂಡ. ಹೋಟೆಲಿಗೆ ಓಡಿ ದೊಡ್ಡ ಫ್ಲಾಸ್ಕಿನಲ್ಲಿ ಕಾಫಿ ತಂದ. ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೂಗಿ ಲೋಟ ಕೊಟ್ಟ. ಅರ್ಧ ಬೀದಿಗೆ ಕಾಫಿ ಕೊಟ್ಟು ಮುಗಿಯುವ ಹೊತ್ತಿಗೆ ಮೊದಲ ಗರಗಸದ ಮಿಷನ್ನು ಶುರುವಾಯಿತು.

ಬೀದಿಯ ಕೊನೆಯ ಮನೆಯ ಅಪ್ಪಯ್ಯಣ್ಣ ನೆಲಮಂಗಲದಿಂದ ಬಂದಿದ್ದ. ಅವನ ಜಗಲಿಯ ಮೇಲೆ ಹಳೆ ಮರದ ವ್ಯಾಪಾರಿಯೊಬ್ಬ ಕಂಬವನ್ನು ಗೆಣ್ಣಿನಿಂದ ಕುಟ್ಟಿ ನೋಡುತ್ತಿದ್ದ. ಕಂಬ ಬಿಚ್ಚಿದರೂ ಬೀಳದಂತೆ ಸೂರಿಗೆ ಜಾಕಿ ಕೊಟ್ಟಾಗಿತ್ತು.

"ಅಣ್ಣ, ಏನ್ ಮಾಡ್ತಿದ್ದೀಯ?" ಎಂದ ಪಿಳ್ಳಣ್ಣ.

"ಇನ್ನೇನ್ ಮಾಡ್ಲಿ? ಮಾರ್ಕಿಂಗ್ ಆಯ್ತು ಅಂತ ನೀನೇ ಫೋನ್ ಮಾಡ್ದಲ್ಲ. ದೊಡ್ಡ ಉಪಕಾರ ಮಾಡ್ದೆ ಕಣಯ್ಯ. ಬೇರೆ ಕಡೆಯೋರಿಗೆ ಜೆಸಿಬಿ ಬಂದ್ಮೇಲೇ ಗೊತ್ತಾಗಿದ್ದು. ನಮಗೆ ತಿಂಗಳು ಮುಂಚೆನೇ ಹೇಳ್ದೆ. ಕಂಬ ಬಾಗ್ಲಾದ್ರೂ ದಕ್ಲಿ."

"ಆ ಮಾರ್ಕಿಂಗ್ ಅಲ್ಲ ಅಣ್ಣ! ಇದು ಕೆಡವಾಕಲ್ಲ! ಉಳಿಸಾಕೆ!"

"ಸರ್ಕಾರ ಗೋಡೆಗೆ ಕೆಂಪು ಬಣ್ಣ ಹಚ್ಚಿ ಯಾವತ್ತಪ್ಪಾ ಉಳಿಸಿರೋದು?" ಎಂದು ಅಪ್ಪಯ್ಯಣ್ಣ ನಕ್ಕ.

"ನಾನೇ ಕಣಣ್ಣ ಹಚ್ಚಿದ್ದು!" ಎಂದು ಪಿಳ್ಳಣ್ಣ ಮನೆಯಿಂದ ಮನೆಗೆ ಓಡಿದ. ಆದರೆ ಅಷ್ಟರಲ್ಲಿ ಬೀದಿಯ ತುಂಬ ಗರಗಸ ಕೂಗುತ್ತಿತ್ತು. ಕೇಳಿಸಿಕೊಂಡವರೂ ನಂಬಲಿಲ್ಲ. ನಂಬಿದ ಒಬ್ಬಿಬ್ಬರು ಪಕ್ಕದ ಮನೆಯ ಕಂಬಕ್ಕೆ ಬಂದ ಬೆಲೆ ಕೇಳಿ, ಗಾಳಿ ಬಂದಾಗ ತೂರಿಕೋ ಎಂದು ತಾವೂ ಬಿಚ್ಚಿಸಿದರು. ಕಮಲ ಹೋಯಿತು, ಕಮಲದ ಮೇಲಿನ ಗಿಳಿ ಹೋಯಿತು. ಕಂಬವಿದ್ದ ಕಡೆ ಇಟ್ಟಿಗೆ ಕಟ್ಟಿ, ಕಬ್ಬಿಣದ ಪೈಪು ನಿಲ್ಲಿಸಿ ಸಂಜೆಗೆ ಎಲ್ಲರೂ ಹೊರಟುಹೋದರು. ಹೋಗುವಾಗ ಪಿಳ್ಳಣ್ಣನ ಕೈಹಿಡಿದು ಥ್ಯಾಂಕ್ಸ್ ಹೇಳಿದವರೂ ಉಂಟು.

ಪಿಳ್ಳಣ್ಣ ತನ್ನ ಬಾಗಿಲಿಗೆ ಬಂದು ನೋಡಿದರೆ ಎದುರಿನ ಆದಿಯ ಜಗಲಿಗೂ ಪೈಪು ನಿಂತಿತ್ತು.

ಆದಿಗೆ ಕಿವಿ ಮಂದ. ಇಷ್ಟು ವರ್ಷ ಮಿಷನ್ನಿನ ಎದುರು ಕೂತು ಕೂತು ಹಾಗಾಗಿತ್ತು. ಪಾಪ, ಆ ಗಲಾಟೆಯಲ್ಲಿ ಅವನಿಗೆ ಏನು ಕೇಳಿಸಿತೋ, ಯಾರು ಹೆದರಿಸಿದರೋ ಎಂದು ಪಿಳ್ಳಣ್ಣ ತನಗೆ ತಾನೇ ಹೇಳಿಕೊಂಡ. ತಪ್ಪೆಲ್ಲ ತನ್ನ ಹಾಳು ಬಾಯದು. ಆ ಒಂದು ಪದ ಆಡದಿದ್ದರೆ ಆದಿಯ ಕಂಬವೂ ಇರುತ್ತಿತ್ತು, ಆದಿಯೂ ಮಗಳ ಮನೆಗೆ ಹೋಗದೆ ಉಳಿಯುತ್ತಿದ್ದ ಎಂದು ಎದೆ ಸುಟ್ಟುಕೊಂಡ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಸಮಿತಿಯವರು ಹೇಳಿದ ದಿನವೇ ಬಂದರು. ಮುಂದೆ ಇದ್ದ ಮೇಡಂ ಒಳ್ಳೆಯವರು. ಬೀದಿಯ ಆ ತುದಿಯವರೆಗೆ ನಡೆದು, ಪೈಪುಗಳನ್ನು ನೋಡಿ, ತಿರುಗಿ ಬಂದು ಪಿಳ್ಳಣ್ಣನ ಜಗಲಿಯ ಮೇಲೆ ಕೂತರು.

"ಬೀದಿಗೆ ಘೋಷಣೆ ಕೊಡೋಕಾಗಲ್ಲ ಪಿಳ್ಳಣ್ಣನವರೇ. ಉಳಿದಿರೋದು ನಿಮ್ಮದೊಂದೇ. ಬೇಕಾದ್ರೆ ಈ ಕಟ್ಟಡ ಒಂದಕ್ಕೆ ಶಿಫಾರಸು ಮಾಡ್ತೀನಿ. ಬಾಗಿಲ ಹತ್ರ ಫಲಕ ಹಾಕ್ತಾರೆ."

"ಫಲಕ ಹಾಕಿದ್ರೆ ಜನ ಬರ್ತಾರಾ ಮೇಡಂ?"

"ನೋಡೋಕೆ ಬರಬಹುದು."

"ನೋಡಾಕಲ್ಲ. ಕೂತ್ಕೊಳ್ಳಾಕೆ."

ಮೇಡಂ ಫೈಲು ಮುಚ್ಚಿದರು. ಪಿಳ್ಳಣ್ಣ ಕೈಮುಗಿದು, "ನಂಗೊಬ್ಬಂಗೇ ಬ್ಯಾಡ ಬಿಡಿ" ಎಂದ. ಜೀಪು ಹೋಯಿತು.

ಅದಾದ ವಾರಕ್ಕೆ ಆದಿಯ ಅಂಗಡಿಯ ಮುಂದೆ ಟೆಂಪೋ ಬಂದು ನಿಂತಿತು. ಸಾಮಾನು ಬಹಳವೇನೂ ಇರಲಿಲ್ಲ. ಒಂದು ಮಂಚ, ಪಾತ್ರೆಯ ಮೂಟೆ, ಹೆಂಡತಿಯ ಫೋಟೋ, ಮಾರಾಟವಾಗದ ಲಾಳಿಗಳ ಪೆಟ್ಟಿಗೆ. ಪಿಳ್ಳಣ್ಣನೇ ಹೆಗಲು ಕೊಟ್ಟು ಹತ್ತಿಸಿದ. ಎಲ್ಲ ಮುಗಿದ ಮೇಲೆ ಇಬ್ಬರೂ ಮಿಷನ್ನಿನ ಜಗಲಿಯ ಮೇಲೆ ಕೂತರು.

"ಆ ಯಮ್ಮ ಬೋರ್ಡ್ ಹಾಕ್ಸಿಕೊಡ್ತೀನಿ ಅಂದ್ರೆ ಬ್ಯಾಡ ಅಂದ್ಯಂತೆ. ಯಾಕ್ಲಾ?" ಎಂದ ಆದಿ.

"ಏನ್ ಮುಖ ಇಟ್ಕೊಂಡು ಹಾಕ್ಸಿಕೊಳ್ಳಲಿ? ನಾನ್ ಆಡಿದ್ ಮಾತಿಂದ ಬೀದಿನೇ ಹೋಯ್ತು. ನಿನ್ ಕಂಬನೂ ಹೋಯ್ತು. ನಾನು ಅಷ್ಟು ಬಡ್ಕೊಂಡ್ರೂ ನಿಂಗ್ ಕೇಳಿಸ್ಲಿಲ್ಲ."

ಆದಿ ಬೀಡಿಯನ್ನು ಕಲ್ಲಿಗೆ ಒತ್ತಿ ಆರಿಸಿದ. "ಕೇಳಿಸ್ತು ಕಣೋ. ಬೇರೆ ಯಾರ್ ಮಾತೂ ನಂಗ್ ನೆಟ್ಟಗೆ ಕೇಳ್ಸಲ್ಲ, ನಿಂದ್ ಮಾತ್ರ ಕೇಳ್ಸುತ್ತೆ. ಡಬ್ಬ ಹಿಡ್ದೋನು ನಾನಲ್ವಾ, ಅದು ಕೆಡವೋ ಮಾರ್ಕಿಂಗ್ ಅಲ್ಲ ಅಂತ ನಂಗೊತ್ತಿಲ್ವಾ?"

ಪಿಳ್ಳಣ್ಣ ಅವನ ಮುಖವನ್ನೇ ನೋಡಿದ. "ಮತ್ಯಾಕೋ ಬಿಚ್ಚಿಸ್ದೆ?"

"ಹೋಗ್ಬೇಕಿತ್ತು. ಕಂಬ ನಿಂತಿದ್ರೆ ನೀನು ಬೀದಿ ಬೀದಿ ಅಂತ ಇನ್ನೂ ಹತ್ತು ವರ್ಷ ಓಡಾಡ್ತಿದ್ದೆ. ನಾನು ನೋಡಾಣ ನೋಡಾಣ ಅಂತ ಕೂತಿರ್ತಿದ್ದೆ. ಕವಿತನ ಮಗು ಅಷ್ಟೊತ್ಗೆ ದೊಡ್ಡದಾಗೋಗ್ತಿತ್ತು."

"ನಾನು ನಿನ್ನ ಹಿಡ್ಕೊಂಡಿದ್ನಾ? ಯಾವತ್ತಾದ್ರೂ ಹೋಗ್ಬೇಡ ಅಂದಿದ್ನಾ?"

"ಅಲ್ಲೇ ಕಣೋ ಇರೋದು. ದೀಪ ಬರುತ್ತೆ ಅಂದೆ, ಕಲ್ಲು ಹಾಸ್ತಾರೆ ಅಂದೆ, ಬೆಂಗ್ಳೂರೋರು ಬರ್ತಾರೆ ಅಂದೆ. ಎರಡ್ ವರ್ಷ ಊರೆಲ್ಲ ಸುತ್ತಿ ಯಾರ್ಯಾರಿಗೋ ಕೈಮುಗ್ದೆ. ಎದುರ್ಗಡೆ ಕೂತಿದ್ದೋನಿಗೆ, ಇರೋ ಆದಿ, ನಂಗ್ ನೀನು ಬೇಕು ಅಂತ ಒಂದ್ ಮಾತು ಹೇಳ್ಲಿಲ್ಲ. ನಿಂಗೆ ಜನ ಬೇಕಾಗಿತ್ತು. ಬಂದ್ರೆ ಸಾಕು, ಯಾರಾದ್ರೂ ಸರಿ, ಅಂತ ನಾನ್ ಅಂದ್ಕೊಂಡೆ."

ಎರಡು ವರ್ಷ ಬಸ್ಸು ಹತ್ತಿದ್ದು, ಬೈಸಿಕೊಂಡದ್ದು, ಬಿಸಿಲಲ್ಲಿ ನಿಂತದ್ದು ಎಲ್ಲವೂ ಈ ಒಬ್ಬ ಮನುಷ್ಯನಿಗಾಗಿ. ಅದು ಆ ಮನುಷ್ಯನಿಗೇ ಗೊತ್ತಿರಲಿಲ್ಲ. ಬೀದಿ ದಾಟುವುದಕ್ಕೆ ನಾಲ್ಕು ಹೆಜ್ಜೆ ಸಾಕಾಗಿತ್ತು. ಅವನಿಗೆ ಮೈಯೆಲ್ಲ ನಾಚಿಕೆಯಾಯಿತು, ಅಳು ಬಂತು.

"ಅಂದಿದ್ರೆ ಇರ್ತಿದ್ಯಾ?" ಎಂದು ಕೇಳಿದ.

ಆದಿ ತನ್ನ ಬಾಗಿಲ ಕಡೆ ನೋಡಿದ. "ಮಗೀನ ಇಲ್ಲೇ ಕರ್ಕೊಂಡ್ ಬಂದು ಸಾಕ್ತಿದ್ನೇನೋ. ಕವಿತನೂ ಬ್ಯಾಡ ಅಂತಿರ್ಲಿಲ್ಲ" ಎಂದ.

"ಹಂಗಾದ್ರೆ ಇರೋ ಆದಿ."

"ಮಾತು ಕೊಟ್ಟಾಯ್ತಲ್ಲೋ. ಅಂಗ್ಡಿ ಗೋಡೌನ್‌ ಮಾಡೋರಿಗೆ ಕೊಟ್ಬಿಟ್ಟೆ, ನಾಳೆಯಿಂದ ಅವರ್ದು" ಎಂದು ಆದಿ ಎದ್ದು, ಪಿಳ್ಳಣ್ಣನ ಭುಜದ ಮೇಲೆ ಒಮ್ಮೆ ಕೈಯಿಟ್ಟು ತೆಗೆದು, ಹೋಗಿ ಡ್ರೈವರ್ ಸೀಟಿನ ಪಕ್ಕ ಕೂತ.

ಟೆಂಪೋದ ಹಿಂಬಾಗಿಲು ಭಾರವಾಗಿತ್ತು. ಡ್ರೈವರು ಒಬ್ಬನೇ ಎತ್ತಲು ಹೋಗಿ ಆಗದೆ, "ಅಣ್ಣ, ಒಂಚೂರು ಕೈ ಹಾಕಿ" ಎಂದ. ಪಿಳ್ಳಣ್ಣ ಹೋಗಿ ಎತ್ತಿ ಹಿಡಿದು ಕೊಂಡಿ ಹಾಕಿಕೊಟ್ಟ.